ಸದ್ದಿಲ್ಲದ ತೋಪು ಬಿಟ್ಟು ಓಡಾಡುವ ದಾರಿ ಮೇಲೇಕೆ ಗೂಡು?

ಪ್ರಶ್ನೆ: ನಾನು ದಿನಾ ಬೆಳಗ್ಗೆ ನಡೆಯಲು ಹೋಗುವ ಉದ್ಯಾನದಲ್ಲಿ ಈ ಸಲ ಒಂದು ಜೋಡಿ ಬೇಟೆಹಕ್ಕಿ ಗೂಡು ಕಟ್ಟಿವೆ. ನಡಿಗೆ ದಾರಿಯ ಮೇಲೆ ಚಾಚಿಕೊಂಡ ದೊಡ್ಡ ಮರವದು. ಕೆಳಗೆ ಮಕ್ಕಳು ಆಡುತ್ತಾರೆ, ನಾಯಿಗಳು ಓಡುತ್ತವೆ. ಉದ್ಯಾನದ ಇನ್ನೊಂದು ತುದಿಯಲ್ಲಿ ಯಾರೂ ಹೋಗದ, ಒತ್ತೊತ್ತಾಗಿ ಮರ ಬೆಳೆದ ತೋಪಿದೆ. ಅದನ್ನು ಬಿಟ್ಟು ಇಲ್ಲೇಕೆ ಕಟ್ಟಿದವು? ಜಾಗ ಆರಿಸುವುದು ಗಂಡೋ ಹೆಣ್ಣೋ? ಮುಂದಿನ ವರ್ಷವೂ ಬರುತ್ತವಾ? ನಾವು ಆ ದಾರಿ ಬಿಡಬೇಕಾ?

ಉತ್ತರ: ನಿಮ್ಮ ಪ್ರಶ್ನೆಯ ಒಳಗೇ ಒಂದು ಊಹೆ ಕೂತಿದೆ. ಗೂಡಿಗೆ ಬೇಕಾದ್ದು ಸದ್ದಿಲ್ಲದ ಜಾಗ ಅನ್ನುವ ಊಹೆ. ನಮಗೆ ಹಾಗನ್ನಿಸುವುದು ಸಹಜ, ಯಾಕಂದ್ರೆ ನಾವು ಮನೆ ಹುಡುಕುವಾಗ ಗಲಾಟೆ ಇದೆಯಾ ಅಂತ ಮೊದಲು ವಿಚಾರಿಸುತ್ತೇವೆ. ಹಕ್ಕಿಯ ವಿಚಾರಣೆಯೇ ಬೇರೆ. ಇಲ್ಲಿ ಕಡ್ಡಿ ನಿಲ್ಲುತ್ತಾ? ಕಾಲಲ್ಲಿ ಬೇಟೆ ಹಿಡಿದು ಒಳಗೆ ಹಾರಿ ಬರಲು ಆಗುತ್ತಾ? ಮರಿ ಕದಿಯುವವರು ಯಾರಿದ್ದಾರೆ? ಹತ್ತಿರದಲ್ಲಿ ಊಟ ಸಿಗುತ್ತಾ? ಸದ್ದಿನ ವಿಷಯ ಇವೆಲ್ಲದರ ನಂತರ.

ಹಕ್ಕಿ ಯಾವುದು ಅಂತ ನೀವು ಬರೆದಿಲ್ಲ. ಅದು ಗೊತ್ತಿದ್ದರೆ ಚೆನ್ನಾಗಿತ್ತು, ಯಾಕಂದ್ರೆ ಬೇಟೆಹಕ್ಕಿಗಳಲ್ಲಿ ಎಲ್ಲವೂ ಗೂಡು ಕಟ್ಟುವುದಿಲ್ಲ. ಕೆಸ್ಟ್ರೆಲ್, ಪೆರಿಗ್ರಿನ್‌ನಂಥ ಚಾಣಗಳು ಒಂದು ಕಡ್ಡಿಯನ್ನೂ ತಂದಿಡುವುದಿಲ್ಲ. ಬಂಡೆಯ ಅಂಚು, ಕಟ್ಟಡದ ಸಂದು, ಕಾಗೆ ಬಿಟ್ಟುಹೋದ ಗೂಡು, ಇಷ್ಟರಲ್ಲಿ ಯಾವುದು ಸಿಕ್ಕರೂ ಅವಕ್ಕೆ ಸಾಕು. ಬಹುಪಾಲು ಗೂಬೆಗಳೂ ಹಾಗೇ. ಅಮೆರಿಕದ ಗ್ರೇಟ್ ಹಾರ್ನ್ಡ್ ಗೂಬೆ ಚಳಿ ಮುಗಿಯುವ ಮೊದಲೇ ಮೊಟ್ಟೆ ಇಡುತ್ತದೆ. ಎಷ್ಟೋ ಸಲ ಅದು ಮೊಟ್ಟೆ ಇಡುವುದು ಹಿಂದಿನ ವರ್ಷ ಗಿಡುಗ ಕಷ್ಟಪಟ್ಟು ಕಟ್ಟಿದ ಗೂಡಿನಲ್ಲಿ. ಪಾಪ, ಗಿಡುಗ ಬಂದು ನೋಡುವ ಹೊತ್ತಿಗೆ ಮನೆ ಬೇರೆಯವರದಾಗಿರುತ್ತದೆ. ಹಾಗಾಗಿ ಉದ್ಯಾನದಲ್ಲಿ ಯಾವ ಬೇಟೆಹಕ್ಕಿ ನೆಲೆಸಬೇಕು ಅನ್ನುವುದನ್ನು ಕೆಲವೊಮ್ಮೆ ಕಾಗೆಗಳು ತೀರ್ಮಾನಿಸುತ್ತವೆ. ನಿಮ್ಮ ಜೋಡಿ ‘ಕಟ್ಟಿವೆ’ ಅಂದಿದ್ದೀರಿ. ಗಿಡುಗವೋ ಹದ್ದೋ ಇರಬೇಕು ಅಂದುಕೊಂಡು ಮುಂದುವರಿಯುತ್ತೇನೆ.

ಈಗ ಆ ತೋಪಿನ ವಿಷಯ. ಒಂದು ದಿನ ಅಲ್ಲಿಗೆ ಹೋಗಿ ತಲೆಯೆತ್ತಿ ನೋಡಿ. ಉದ್ಯಾನಗಳಲ್ಲಿ ಇಂಥ ಮೂಲೆಗಳನ್ನು ಸಾಮಾನ್ಯವಾಗಿ ಒಂದೇ ಸಲಕ್ಕೆ ನೆಟ್ಟಿರುತ್ತಾರೆ. ಮರಗಳಿಗೆಲ್ಲ ಒಂದೇ ವಯಸ್ಸು. ಬೆಳಕಿಗಾಗಿ ಪೈಪೋಟಿ ಮಾಡಿಕೊಂಡು ನೆಟ್ಟಗೆ, ಸಪೂರವಾಗಿ ಏರಿರುತ್ತವೆ. ಪಕ್ಕಕ್ಕೆ ದಪ್ಪ ರೆಂಬೆ ಬಂದಿರುವುದಿಲ್ಲ. ಗೂಡಿಗೆ ಬೇಕಾದ್ದು ಮುಖ್ಯವಾಗಿ ಒಂದು ಒಳ್ಳೆಯ ಕವಲು. ಕಾಂಡಕ್ಕೆ ಹತ್ತಿರ, ಮೂರು ನಾಲ್ಕು ರೆಂಬೆ ಒಂದೇ ಕಡೆಯಿಂದ ಹೊರಟು ಬಟ್ಟಲಿನ ಹಾಗೆ ಆಗಿರಬೇಕು. ಗಾಳಿಗೆ ತೂಗಾಡಬಾರದು. ಮೇಲೆ ಎಲೆಯ ಚಾವಣಿ ಇರಬೇಕು, ಬಿಸಿಲು ಮಳೆ ಮರಿಗಳ ಮೇಲೆ ನೇರವಾಗಿ ಬೀಳದ ಹಾಗೆ. ಆದ್ದರಿಂದಲೇ ಕಾಡು ಗಿಡುಗಗಳ ಗೂಡು ಹೆಚ್ಚಾಗಿ ಮರದ ತುತ್ತತುದಿಯಲ್ಲಿ ಇರುವುದಿಲ್ಲ, ತಲೆಯ ಎಲೆಗುಂಪಿಗಿಂತ ಸ್ವಲ್ಪ ಕೆಳಗಿರುತ್ತದೆ.

ಕವಲಿನ ಗಟ್ಟಿತನ ಸಣ್ಣ ವಿಷಯವಲ್ಲ. ಹಳೇ ಗೂಡಿನ ಮೇಲೇ ವರ್ಷ ವರ್ಷ ಕಡ್ಡಿ ಸೇರಿಸುತ್ತಾ ಹೋಗುವ ಹಕ್ಕಿಗಳಿವೆ. ಅಮೆರಿಕದ ಫ್ಲೋರಿಡಾದಲ್ಲಿ 1963ರಲ್ಲಿ ಅಳೆದ ಒಂದು ಬಾಲ್ಡ್ ಈಗಲ್ ಗೂಡು ಸುಮಾರು 3 ಮೀಟರ್ ಅಗಲ, 6 ಮೀಟರ್ ಆಳ ಇತ್ತು. ತೂಕ 2 ಟನ್‌ಗೂ ಜಾಸ್ತಿ. ನಿಮ್ಮ ಉದ್ಯಾನದ ಹಕ್ಕಿಗೆ ಅಷ್ಟೆಲ್ಲ ಬೇಡ, ಆದರೆ ಲೆಕ್ಕಾಚಾರ ಅದೇ.

ಎರಡನೆಯದು ಹಾರುವ ದಾರಿ. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಗಿಡುಗ ಗೂಡಿಗೆ ಬರುವುದನ್ನು ಒಮ್ಮೆ ಗಮನಿಸಿ. ಮೇಲಿಂದ ಧೊಪ್ಪನೆ ಇಳಿಯುವುದು ಕಡಿಮೆ. ತಗ್ಗಿನಲ್ಲಿ, ಮರಗಳ ನಡುವೆ ನುಸುಳಿಕೊಂಡು ಬಂದು, ಕೊನೆಗೆ ರೆಕ್ಕೆ ಬಿಚ್ಚಿ ಮೇಲಕ್ಕೇರಿ ಗೂಡಿನ ಅಂಚಿನಲ್ಲಿ ಕೂರುತ್ತದೆ. ಹೀಗೆ ಏರುವಾಗ ವೇಗ ತಾನಾಗಿಯೇ ತಗ್ಗುತ್ತದೆ. ಇದಕ್ಕೆ ಕೆಳಗೆ ತೆರೆದ ಓಣಿಯಂಥ ಜಾಗ ಬೇಕು. ನೀವು ನಡೆಯುವ ದಾರಿಯೇ ಆ ಓಣಿ! ನೀವು ಕಾಲಿಗೆ ಮಾಡಿಕೊಂಡ ದಾರಿ ಅದಕ್ಕೆ ರೆಕ್ಕೆಗೆ ಒದಗಿಬಂದಿದೆ. ಕಾಡಿನಲ್ಲೂ ಗೋಶಾಕ್ ಅನ್ನುವ ದೊಡ್ಡ ಗಿಡುಗದ ಗೂಡುಗಳು ಕಾಲುದಾರಿ, ಹಳೇ ಗಾಡಿದಾರಿಗಳ ಪಕ್ಕ ಆಗಾಗ ಸಿಗುತ್ತವೆ.

ಇದರಲ್ಲೂ ಜಾತಿಗೊಂದು ರುಚಿ. ಗೋಶಾಕ್, ಶಿಕ್ರಾ ತರಹದವುಗಳಿಗೆ ರೆಕ್ಕೆ ಮೋಟು, ಬಾಲ ಉದ್ದ. ಕೊಂಬೆಗಳ ನಡುವೆ ತಿರುಗಿಕೊಂಡು ಹಾರಲು ಮಾಡಿಸಿದ ಹಾಗಿದೆ ಮೈ. ಅವು ಮರ ಸ್ವಲ್ಪ ದಟ್ಟವಾಗಿದ್ದರೂ ಒಪ್ಪುತ್ತವೆ. ಹದ್ದು, ಕೆಂಪುಬಾಲದ ಗಿಡುಗಗಳಂಥ ಅಗಲ ರೆಕ್ಕೆಯವು ಒಪ್ಪುವುದಿಲ್ಲ. ಅವಕ್ಕೆ ಅಂಚಿನ ಮರ ಬೇಕು, ಇಲ್ಲವೇ ಸುತ್ತಲಿನ ಮರಗಳಿಗಿಂತ ತಲೆಯೆತ್ತಿ ನಿಂತ ಒಂಟಿ ಮರ ಬೇಕು. ಅಲ್ಲಿ ಕೂತರೆ ಸುತ್ತ ಬಯಲು ಕಾಣಬೇಕು.

ಇನ್ನು ಜನ. ಊರೊಳಗೆ ಗೂಡು ಕಟ್ಟುವ ಹಕ್ಕಿಗಳು ನಮ್ಮನ್ನು ಸಹಿಸುವುದನ್ನು ಕಲಿತಿರುತ್ತವೆ. ಕಾಡಿನ ಅಣ್ಣತಮ್ಮಂದಿರಿಗಿಂತ ತುಂಬಾ ಹತ್ತಿರ ಬರುವವರೆಗೂ ಇವು ಕದಲುವುದಿಲ್ಲ. ದಿನವೂ ಅದೇ ಹೊತ್ತು, ಅದೇ ದಾರಿ, ಅದೇ ನಡಿಗೆ. ಇದರಿಂದ ಕೆಟ್ಟದ್ದೇನೂ ಆಗಲಿಲ್ಲ ಅಂತ ಗೊತ್ತಾದ ಮೇಲೆ ಹಕ್ಕಿ ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗೂಡಿನಿಂದ ಕೆಳಗೆ ನೋಡುವ ಹಕ್ಕಿಗೆ ಕಾಣುವುದು ಸಾಲಾಗಿ ಸಾಗುವ ನೆತ್ತಿಗಳು ಮಾತ್ರ. ಒಬ್ಬರು ನಿಂತು ತಲೆಯೆತ್ತಿದಾಗ ನೆತ್ತಿ ಹೋಗಿ ಮುಖ ಬರುತ್ತದೆ. ಎರಡು ಕಣ್ಣು ನೆಟ್ಟ ಮುಖ ಅಂದರೆ ಹಕ್ಕಿಯ ಲೋಕದಲ್ಲಿ ಬೇಟೆಗಾರ. ನೂರು ಜನ ಮಾತಾಡಿಕೊಂಡು ಹೋದರೂ ಅಲುಗದ ತಾಯಿ, ಒಬ್ಬ ಸುಮ್ನೆ ನಿಂತು ಕ್ಯಾಮೆರಾ ಎತ್ತಿದರೆ ಎದ್ದು ನಿಲ್ಲುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆ ಎತ್ತಿದ ಕೈ ಹೆಚ್ಚಾಗಿ ನಮ್ಮಂಥ ಹಕ್ಕಿಪ್ರಿಯರದ್ದೇ ಅನ್ನುವುದು ಬೇರೆ ಮಾತು. ಯಾರೂ ಹೋಗದ ತೋಪಿಗೆ ವಾರಕ್ಕೊಮ್ಮೆ ಒಬ್ಬ ನುಗ್ಗಿದರೆ ಹಕ್ಕಿಗೆ ಅದು ಜಾಸ್ತಿ ಗಾಬರಿ.

ಇಷ್ಟಾದರೂ ಮರ ಎರಡನೆಯ ಮಾತು. ಅದಕ್ಕೂ ಮೊದಲು ಹಕ್ಕಿ ಪ್ರದೇಶವನ್ನು ಆರಿಸಿರುತ್ತದೆ, ಅದು ಊಟ ನೋಡಿಕೊಂಡು ಮಾಡುವ ಆಯ್ಕೆ. ಜರ್ಮನಿಯ ಬರ್ಲಿನ್ ನಗರದಲ್ಲಿ ಸುಮಾರು 100 ಜೋಡಿ ಗೋಶಾಕ್ ಇವೆ. ಒಂದು ಕಾಲಕ್ಕೆ ಮನುಷ್ಯನ ನೆರಳು ಕಂಡರೂ ಮಾಯವಾಗುವ ಕಾಡುಹಕ್ಕಿ ಅಂತ ಹೆಸರಾಗಿದ್ದ ಗಿಡುಗ ಅದು. ಉದ್ಯಾನ, ಸ್ಮಶಾನಗಳ ದೊಡ್ಡ ಮರಗಳಲ್ಲಿ ಗೂಡು, ತಿನ್ನಲು ಬೇಕಾದಷ್ಟು ಪಾರಿವಾಳ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಕ್ರೌನ್ಡ್ ಈಗಲ್ ಅನ್ನುವ ಭಾರೀ ಬೇಟೆಹಕ್ಕಿ ಮನೆಗಳ ನಡುವಿನ ಕಣಿವೆಗಳಲ್ಲಿ, ಹೊರದೇಶದಿಂದ ತಂದು ನೆಟ್ಟ ನೀಲಗಿರಿ ಮರಗಳಲ್ಲಿ ಮರಿ ಮಾಡುತ್ತದೆ. ಅಲ್ಲಿನ ಬಂಡೆ ಸಂದುಗಳಲ್ಲಿರುವ, ಮೊಲದ ಗಾತ್ರದ ಹೈರಾಕ್ಸ್ ಅನ್ನುವ ಪ್ರಾಣಿ ಅದರ ಮುಖ್ಯ ಊಟ. ದೆಹಲಿಯ ಹದ್ದುಗಳ ಕಥೆ ಇನ್ನೂ ಸ್ವಾರಸ್ಯ. ಅಲ್ಲಿನ ಗೂಡುಗಳನ್ನು ವರ್ಷಗಟ್ಟಲೆ ಎಣಿಸಿದವರಿಗೆ ಕಂಡದ್ದು ಏನಂದರೆ, ಕಸ ಜಾಸ್ತಿ ಇರುವ ಕಡೆ, ಜನ ಹರಕೆಯ ಹಾಗೆ ಮಾಂಸದ ಚೂರು ಎಸೆಯುವ ಕಡೆ ಗೂಡುಗಳು ಒತ್ತಾಗಿವೆ. ಅಂದರೆ ನಮ್ಮ ನಡವಳಿಕೆಯೂ ಅವುಗಳ ನಕ್ಷೆಯಲ್ಲಿದೆ.

ಆಯ್ಕೆ ಯಾರದ್ದು ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಪ್ರದೇಶ ಹಿಡಿದು ಕಾಯುವುದರಲ್ಲಿ ಗಂಡು ಮುಂದು. ಕೂಗುತ್ತದೆ, ಆಕಾಶದಲ್ಲಿ ಕಸರತ್ತು ಮಾಡುತ್ತದೆ, ಒಂದೆರಡು ಕವಲಿಗೆ ಕಡ್ಡಿ ತಂದು ಹಾಕುತ್ತದೆ. ಹೆಣ್ಣು ಬಂದು ಕವಲಲ್ಲಿ ಕೂರುತ್ತದೆ, ಎದೆ ಒತ್ತಿ ಸುತ್ತ ತಿರುಗಿ ನೋಡುತ್ತದೆ. ತಿಂಗಳುಗಟ್ಟಲೆ ಅಲ್ಲಿ ಕೂರಬೇಕಾದ್ದು ತಾನೇ ಅಲ್ವಾ? ಬೇಟೆಹಕ್ಕಿಗಳಲ್ಲಿ ಹೆಣ್ಣೇ ದೊಡ್ಡದು. ಅದಕ್ಕೆ ಹಿಡಿಸದಿದ್ದರೆ ಕೆಲಸ ಮುಂದೆ ಹೋಗುವುದಿಲ್ಲ. ಕಟ್ಟುವ ದುಡಿಮೆ ಮಾತ್ರ ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಅಮೆರಿಕದ ಕೂಪರ್ಸ್ ಗಿಡುಗದಲ್ಲಿ ಗಂಡು ಜಾಸ್ತಿ ಕಟ್ಟುತ್ತದೆ, ಗೋಶಾಕ್‌ನಲ್ಲಿ ಹೆಣ್ಣು ಜಾಸ್ತಿ ಕಟ್ಟುತ್ತದೆ. ಗೂಡು ಮುಗಿದ ಮೇಲೂ ಹಸಿ ಎಲೆಯ ಟೊಂಗೆ ತಂದು ಹಾಸುವುದನ್ನು ನೋಡಬಹುದು. ಹುಳು ಹುಪ್ಪಟೆ ದೂರ ಇಡಲು ಅನ್ನುವವರಿದ್ದಾರೆ, ‘ಈ ಮನೆಯಲ್ಲಿ ಜನ ಇದ್ದಾರೆ’ ಅನ್ನುವ ಬೋರ್ಡು ಅನ್ನುವವರೂ ಇದ್ದಾರೆ. ಬೋರ್ಡಿನ ಮಾತು ಬಂತು ನೋಡಿ, ಸ್ಪೇನ್‌ನಲ್ಲಿ ಹದ್ದುಗಳು ಬಿಳಿ ಪ್ಲಾಸ್ಟಿಕ್ ಚೂರುಗಳಿಂದ ಗೂಡು ಸಿಂಗರಿಸುತ್ತವೆ. ಒಳ್ಳೆಯ ಜಾಗ ಹಿಡಿದ, ಮೈಯಲ್ಲಿ ಕಸುವಿರುವ ಜೋಡಿಗಳ ಗೂಡಲ್ಲಿ ಪ್ಲಾಸ್ಟಿಕ್ ಜಾಸ್ತಿ. ‘ನನ್ನ ತಂಟೆಗೆ ಬರಬೇಡಿ’ ಅಂತ ಬೇರೆ ಹದ್ದುಗಳಿಗೆ ಹೇಳುವ ರೀತಿ ಅದು ಅಂತ 2011ರಲ್ಲಿ ಸಂಶೋಧಕರು ತೋರಿಸಿದರು. ಹಾಗಾಗಿ ಹದ್ದಿನ ಗೂಡಲ್ಲಿ ಪ್ಲಾಸ್ಟಿಕ್ ಕಂಡರೆ ‘ಅಯ್ಯೋ ಪಾಪ’ ಅನ್ನಲು ಅವಸರ ಬೇಡ.

ಶತ್ರುಗಳ ಲೆಕ್ಕವೂ ಇದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಸುತ್ತ ಬ್ಲ್ಯಾಕ್ ಸ್ಪ್ಯಾರೋಹಾಕ್ ಅನ್ನುವ ಗಿಡುಗ 1990ರ ದಶಕದ ಹೊತ್ತಿಗೆ ಬಂದು ನೆಲೆಸಿತು. ಅಲ್ಲಿ ಎತ್ತರದ ಮರಗಳೇ ಕಡಿಮೆ ಇದ್ದವು. ಜನ ನೆಟ್ಟ ಪೈನ್, ನೀಲಗಿರಿ ತೋಪುಗಳು ಅದಕ್ಕೆ ಅನುಕೂಲವಾದವು. ಆದರೆ ಈಜಿಪ್ಷಿಯನ್ ಗೂಸ್ ಅನ್ನುವ ಜಗಳಗಂಟಿ ಬಾತು ಬಂದು ಗೂಡನ್ನೇ ಕಸಿದುಕೊಳ್ಳಲು ಶುರುಮಾಡಿತು. ಗಿಡುಗ ಏನು ಮಾಡಿತು ಗೊತ್ತಾ? ಒಂದರ ಬದಲು ಎರಡು, ಮೂರು ಗೂಡು ಕಟ್ಟತೊಡಗಿತು. ಒಂದನ್ನು ಬಾತು ಹಿಡಿದರೆ ಇನ್ನೊಂದಿದೆ. ನಿಮ್ಮ ಉದ್ಯಾನದಲ್ಲೂ ಖಾಲಿ ಗೂಡು ಕಂಡರೆ ‘ಬಿಟ್ಟುಹೋಗಿವೆ’ ಅಂತ ತೀರ್ಮಾನಿಸಬೇಡಿ, ಅದು ಬದಲಿ ಮನೆ ಇರಬಹುದು.

ಮರಕ್ಕೇ ಅಂಟಿಕೊಂಡಿರಬೇಕೆಂದೂ ಇಲ್ಲ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ 1991ರಲ್ಲಿ ಬಂದ ಪೇಲ್ ಮೇಲ್ ಅನ್ನುವ ಕೆಂಪುಬಾಲದ ಗಿಡುಗ ಮೊದಲು ಪಾರ್ಕಿನ ಮರದಲ್ಲೇ ಪ್ರಯತ್ನಿಸಿತು, ಕಾಗೆಗಳ ಕಾಟಕ್ಕೆ ಸೋತಿತು. ಆಮೇಲೆ 1993ರಲ್ಲಿ ಎದುರಿನ ಫಿಫ್ತ್ ಅವೆನ್ಯೂ ಮೇಲಿನ ಒಂದು ಬಹುಮಹಡಿ ಕಟ್ಟಡದ ಕಿಟಕಿ ಮೇಲಿನ ಅಂಚಿಗೆ ಗೂಡು ಸಾಗಿಸಿತು. ಅಲ್ಲಿ ಪಾರಿವಾಳ ಕೂರದಿರಲಿ ಅಂತ ಮುಳ್ಳುಕಂಬಿ ಹಾಕಿದ್ದರು. ಆ ಮುಳ್ಳುಗಳೇ ಕಡ್ಡಿ ಜಾರದ ಹಾಗೆ ಹಿಡಿದವು. ಮರದ ಕವಲು ಮಾಡುವ ಕೆಲಸವನ್ನು ಕಂಬಿ ಮಾಡಿತು, ಅಷ್ಟೇ. 2004ರ ಡಿಸೆಂಬರಿನಲ್ಲಿ ಕಟ್ಟಡದವರು ಗೂಡು ಕೀಳಿಸಿದಾಗ ಜನ ಬೀದಿಗಿಳಿದು ಗಲಾಟೆ ಮಾಡಿದರು. ಕೆಲವೇ ವಾರಗಳಲ್ಲಿ ಮುಳ್ಳುಗಳನ್ನು ಮತ್ತೆ ಕೂರಿಸಬೇಕಾಯಿತು, ಗಿಡುಗವೂ ಮರಳಿ ಬಂತು.

ಹಕ್ಕಿ ಆರಿಸಿದ ಜಾಗ ಯಾವಾಗಲೂ ಸರಿ ಇರುತ್ತದಾ? ಇಲ್ಲ. ಆಸ್ಟ್ರಿಯದ ವಿಯೆನ್ನಾದಲ್ಲಿ ಕೆಸ್ಟ್ರೆಲ್‌ಗಳಿಗೆ ನಗರದ ನಡುವಿನ ಹಳೇ ಕಟ್ಟಡಗಳ ಸಂದುಗಳೆಂದರೆ ಪ್ರಾಣ. ಗೂಡಿಗೆ ಜಾಗ ಧಾರಾಳ, ಆದರೆ ಅವಕ್ಕೆ ಬೇಕಾದ ಹುಲ್ಲುಗಾವಲಿನ ಇಲಿ ಅಲ್ಲಿಲ್ಲ. ಚಿಕ್ಕ ಹಕ್ಕಿಗಳನ್ನು ಹಿಡಿದು ಕಾಲ ತಳ್ಳಬೇಕು. ಊರಂಚಿನ ಜೋಡಿಗಳಿಗಿಂತ ನಡುಪೇಟೆಯ ಜೋಡಿಗಳು ಕಡಿಮೆ ಮರಿ ಬೆಳೆಸುತ್ತವೆ ಅಂತ ಅಲ್ಲಿನ ಅಧ್ಯಯನ ಹೇಳಿತು. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿ ಇದರ ತದ್ವಿರುದ್ಧ. ಕೂಪರ್ಸ್ ಗಿಡುಗಗಳಿಗೆ ಊಟ ಮಿತಿಮೀರಿ ಸಿಕ್ಕಿತು, ಮುಖ್ಯವಾಗಿ ಬೆಳವ, ಪಾರಿವಾಳಗಳು. ಆ ಹಕ್ಕಿಗಳ ಗಂಟಲಲ್ಲಿ ಟ್ರೈಕೊಮೊನಾಸ್ ಅನ್ನುವ ಪರೋಪಜೀವಿ ಇರುತ್ತದೆ. 1990ರ ದಶಕದಲ್ಲಿ ಪರೀಕ್ಷಿಸಿದಾಗ ನಗರದ ಗೂಡುಗಳ ಬಹುಪಾಲು ಮರಿಗಳಲ್ಲಿ ಅದು ಕಂಡಿತು, ಊರ ಹೊರಗಿನ ಮರಿಗಳಲ್ಲಿ ಬಹಳ ಕಡಿಮೆ. ಎಷ್ಟೋ ಮರಿಗಳು ಗೂಡಲ್ಲೇ ಸತ್ತವು. ನಗರವೇ ಒಂದು ಬೋನು ಅಂತ ಆಗ ಅನೇಕರು ಅಂದುಕೊಂಡರು. ಆದರೆ ಬದುಕುಳಿದ ಹಕ್ಕಿಗಳು ನಗರದಲ್ಲಿ ಚೆನ್ನಾಗಿ ಬಾಳಿದವು, ಸಂತತಿ ಕುಸಿಯಲಿಲ್ಲ. ಆ ‘ಬೋನು’ ಅನ್ನುವ ಮಾತನ್ನು ಆಮೇಲೆ ಸಡಿಲಿಸಬೇಕಾಯಿತು. ನನಗೆ ಈ ಕಥೆ ಇಷ್ಟ, ಅವಸರದ ತೀರ್ಪುಗಳು ಇಲ್ಲಿ ಎರಡೂ ಕಡೆ ಎಡವಿವೆ.

ಪೊಟರೆಯಲ್ಲಿ ಮರಿ ಮಾಡುವ ಗೂಬೆಗಳದ್ದು ಬೇರೆಯೇ ಗೋಳು. ಆಸ್ಟ್ರೇಲಿಯದ ‘ಪವರ್‌ಫುಲ್’ ಅನ್ನುವ ಹೆಸರಿನ ಗೂಬೆಗೆ ಸಿಡ್ನಿ, ಮೆಲ್ಬರ್ನ್ ಬಡಾವಣೆಗಳ ಸುತ್ತ ತಿನ್ನಲು ಪಾಸಮ್ ಅನ್ನುವ ಮರ ಹತ್ತುವ ಪ್ರಾಣಿಗಳು ಬೇಕಾದಷ್ಟಿವೆ. ಆದರೆ ಅದು ಹಿಡಿಸುವಷ್ಟು ದೊಡ್ಡ ಪೊಟರೆ ಆಗಲು ಮರಕ್ಕೆ ನೂರೈವತ್ತು ವರ್ಷವಾದರೂ ಬೇಕು. ‘ಅಪಾಯ’ ಅಂತ ಮೊದಲು ಕಡಿಯುವುದು ಅಂಥ ಮುದಿಮರಗಳನ್ನೇ.

ಈಗ ಮುಂದಿನ ವರ್ಷದ ಮಾತು. ಈ ಸಲ ಮರಿಗಳು ಹಾರಿಹೋದರೆ ಜೋಡಿ ಅದೇ ಪ್ರದೇಶಕ್ಕೆ ಬರುವ ಸಾಧ್ಯತೆ ತುಂಬಾ. ಅದೇ ಗೂಡಿಗೆ ಅಂತಲ್ಲ. ಹಳೇ ಗೂಡಲ್ಲಿ ರಕ್ತ ಹೀರುವ ಉಣ್ಣಿ, ನೊಣದ ಹುಳು ತುಂಬಿರುತ್ತವೆ, ಆದ್ದರಿಂದ ಪಕ್ಕದ ಮರದಲ್ಲಿ ಹೊಸದು ಕಟ್ಟಬಹುದು. ಮರಿಗಳು ಸತ್ತರೆ, ಮೊಟ್ಟೆ ಹೋದರೆ, ದೂರ ಸರಿಯುವುದು ಜಾಸ್ತಿ.

ದಾರಿ ಬಿಡಬೇಕಾ? ಬೇಡ. ನಡೆಯುತ್ತಾ ಇರಿ, ನಿಲ್ಲಬೇಡಿ, ಅಷ್ಟೇ. ಗೂಡು ಕಟ್ಟುವಾಗ, ಮೊಟ್ಟೆ ಇಟ್ಟ ಮೊದಲ ದಿನಗಳಲ್ಲಿ ಅವು ಬಹಳ ಸೂಕ್ಷ್ಮ. ಆಗ ಪದೇ ಪದೇ ಎಬ್ಬಿಸಿದರೆ ಬಿಟ್ಟೇ ಹೋಗಬಹುದು. ಕೂತ ಹಕ್ಕಿ ಮೈ ಬಿಗಿದು ನಿಮ್ಮನ್ನೇ ನೋಡಿದರೆ, ಬಿಡದೆ ಕೂಗಿದರೆ, ನೀವು ಹತ್ತಿರವಾದಿರಿ ಅಂತ ಅರ್ಥ. ನೋಡಲೇಬೇಕಿದ್ದರೆ ದೂರದ ಬೆಂಚಿನಿಂದ ದುರ್ಬೀನು ಹಿಡಿಯಿರಿ. ಮರಿಗಳು ರೆಕ್ಕೆ ಬಡಿಯುವ ಹೊತ್ತಿಗೆ ಕೆಲವು ಜೋಡಿಗಳು ತಲೆ ಮೇಲೆ ಹಾಯುತ್ತವೆ. ಎಲ್ಲವೂ ಅಲ್ಲ. ಹಾಯುವವು ಸಾಮಾನ್ಯವಾಗಿ ಹಿಂದಿನಿಂದ ಬರುತ್ತವೆ. ಆ ಎರಡು ಮೂರು ವಾರ ಕೊಡೆ ಬಿಚ್ಚಿಕೊಂಡು ಹೋಗಿ, ಇಲ್ಲವೇ ಸ್ವಲ್ಪ ಸುತ್ತಿಕೊಂಡು ಹೋಗಿ. ಇನ್ನೂ ಸರಿಯಾಗಿ ಹಾರಲು ಬಾರದ ಮರಿ ನೆಲದಲ್ಲಿ ಕೂತಿದ್ದರೆ ಮನೆಗೆ ತರಬೇಡಿ. ಗಾಯ ಇಲ್ಲದಿದ್ದರೆ ಅದರ ಪಾಡಿಗೆ ಬಿಡಿ, ನಾಯಿಗಳನ್ನು ದೂರ ಇಡಿ. ತಾಯಿ ತಂದೆ ಅಲ್ಲೇ ಎಲ್ಲೋ ಕೂತು ನೋಡುತ್ತಿರುತ್ತವೆ.

ಉದ್ಯಾನ ನೋಡಿಕೊಳ್ಳುವವರ ಹತ್ತಿರ ಎರಡು ಮಾತು ಆಡಿ. ಒಂದು, ಮರಿ ಹಾರುವವರೆಗೆ ಆ ಮರಕ್ಕೂ ಅಕ್ಕಪಕ್ಕದ ಮರಗಳಿಗೂ ಗರಗಸ ಹಾಕುವುದು ಬೇಡ. ಆಮೇಲೆ ಸವರಿದರೂ ಆ ಕವಲನ್ನು ಉಳಿಸಲಿ. ಎರಡು, ಇಲಿ ಪಾಷಾಣ. ಇದು ನನಗೆ ಅತಿ ಮುಖ್ಯ ಅನ್ನಿಸುವ ವಿಷಯ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಪಾಷಾಣ ತಿಂದ ಇಲಿ ಒಡನೆಯೇ ಸಾಯುವುದಿಲ್ಲ. ನಾಲ್ಕಾರು ದಿನ ಮಂಕಾಗಿ ಬಯಲಲ್ಲಿ ಓಡಾಡುತ್ತದೆ. ಬೇಟೆಹಕ್ಕಿಗೆ ಅದಕ್ಕಿಂತ ಸುಲಭದ ತುತ್ತಿಲ್ಲ. ನ್ಯೂಯಾರ್ಕಿನ ಮೃಗಾಲಯದಿಂದ 2023ರ ಫೆಬ್ರುವರಿಯಲ್ಲಿ ಹೊರಬಿದ್ದು ಒಂದು ವರ್ಷ ಊರೊಳಗೆ ಸ್ವತಂತ್ರವಾಗಿ ಬದುಕಿದ ಫ್ಲಾಕೊ ಅನ್ನುವ ದೊಡ್ಡ ಗೂಬೆ 2024ರ ಫೆಬ್ರುವರಿಯಲ್ಲಿ ಕಟ್ಟಡಕ್ಕೆ ಬಡಿದು ಸತ್ತಿತು ಅಂತ ಸುದ್ದಿಯಾಯಿತು. ಮೈ ಕೊಯ್ದು ನೋಡಿದಾಗ ಪಾರಿವಾಳದಿಂದ ಬಂದ ವೈರಸ್ ಸೋಂಕೂ ನಾಲ್ಕು ಬಗೆಯ ಇಲಿ ಪಾಷಾಣವೂ ಸಿಕ್ಕವು. ಗೂಡಿನ ಮರಿಗಳಿಗೆ ತುತ್ತು ಹೋಗುವುದೂ ಇದೇ ಇಲಿಗಳಿಂದ. ಇಲಿ ಹಿಡಿಯಬೇಕಿದ್ದರೆ ಬೋನು ಇಡಲಿ, ಕಸದ ಡಬ್ಬಿಗೆ ಸರಿಯಾದ ಮುಚ್ಚಳ ಹಾಕಲಿ.

ಹಕ್ಕಿ ಯಾವುದೆಂದು ತಿಳಿಯಲು ಮರ ಹತ್ತುವುದು ಬೇಡ. ಮರಿ ಹಾರಿದ ಮೇಲೆ ಮರದ ಬುಡದಲ್ಲಿ ಹುಡುಕಿ. ಬಿದ್ದ ಪುಕ್ಕ, ಬಿಳಿ ಹಿಕ್ಕೆ, ಹೆಬ್ಬೆರಳು ಗಾತ್ರದ ಬೂದು ಉಂಡೆಗಳು ಸಿಗುತ್ತವೆ. ಜೀರ್ಣವಾಗದ ಕೂದಲು, ಗರಿ, ಎಲುಬುಗಳನ್ನು ಹಕ್ಕಿ ಉಗುಳಿದ್ದು ಅದು. ಉಂಡೆಯಲ್ಲಿ ಎಲುಬುಗಳು ಪೂರ್ತಿ ಇವೆಯೋ, ಕರಗಿ ಚೂರಾಗಿವೆಯೋ ನೋಡಿ ಬರೆಯಿರಿ. ಪೂರ್ತಿ ಇದ್ದರೆ ಗೂಡು ಯಾರೇ ಕಟ್ಟಿರಲಿ, ಒಳಗೆ ಮಲಗಿದ್ದು ಗೂಬೆ.